ಸಿಯೋನ್ ಬೆಟ್ಟದ ಸಮಾಧಿ

ಲಿಂಗದಹಳ್ಳಿಯಿಂದ ಪುಣ್ಯಭೂಮಿಯ ಯಾತ್ರೆಗೆ ಹೊರಟರೆ ಜೆರುಸಲೇಮಿನ ಸಿಯೋನ್ ಬೆಟ್ಟದ ಕಥೋಲಿಕ ಸ್ಮಶಾನಕ್ಕೂ ಹೋಗಿಬನ್ನಿ. ಥಾಮಸ್ ಕೆನೀಲಿಯ 1982ರ ಕಾದಂಬರಿಯ ನಾಯಕ ಆಸ್ಕರ್ ಶಿಂಡ್ಲರ್ ಅಲ್ಲಿದ್ದಾನೆ.

1908ರಲ್ಲಿ ಮೊರಾವಿಯಾದಲ್ಲಿ ಹುಟ್ಟಿದ ಈತ ಸಂತನಲ್ಲ. ಕುಡಿತ, ಪರಸ್ತ್ರೀ ಸಹವಾಸ, ಹಣದಾಸೆ ಎಲ್ಲವೂ ಇದ್ದವು. ನಾಜಿ ಪಕ್ಷದ ಸದಸ್ಯ ಬೇರೆ. 1939ರಲ್ಲಿ ಲಾಭಕ್ಕೆಂದೇ ಪೋಲೆಂಡಿನ ಕ್ರಾಕೋವ್‌ನಲ್ಲಿ ಪಾತ್ರೆ ಕಾರ್ಖಾನೆ ಹಿಡಿದು, ಅಗ್ಗದ ಕೂಲಿಗೆ ಯೆಹೂದ್ಯರನ್ನು ದುಡಿಸಿದ. ಅವರ ಮೇಲಿನ ಕ್ರೌರ್ಯ ಕಂಡು ಮನಸ್ಸು ತಿರುಗಿತು. ಗಳಿಸಿದ್ದನ್ನೆಲ್ಲ ಅಧಿಕಾರಿಗಳಿಗೆ ಲಂಚವಾಗಿ ಸುರಿದು, ಸುಮಾರು 1,200 ಜೀವಗಳನ್ನು ಉಳಿಸಿದ. ಯುದ್ಧದ ನಂತರ ಬರಿಗೈಯಾದವನಿಗೆ ಅವರೇ ಆಸರೆಯಾದರು. 1974ರಲ್ಲಿ ತೀರಿಕೊಂಡ.

ಆ ಕಾರ್ಖಾನೆ 2010ರಿಂದ ವಸ್ತುಸಂಗ್ರಹಾಲಯ. ಸಮಾಧಿಯ ಮೇಲೆ, ಯೆಹೂದ್ಯರ ವಾಡಿಕೆಯಂತೆ, ಬಂದವರು ಇಟ್ಟುಹೋದ ಪುಟ್ಟ ಕಲ್ಲುಗಳು. ನೀವೂ ಒಂದನ್ನಿಡಿ. ದೇವರು ಕುಂದಿಲ್ಲದವರಿಗಾಗಿ ಕಾಯುತ್ತಾ ಕೂರುವುದಿಲ್ಲ.