ಶಾಲೆಯ ಮೆಟ್ಟಿಲೇರದ ಧರ್ಮಸಭೆಯ ಪಂಡಿತೆ

ಇಟಲಿ ದೇಶದ ಸಿಯೆನ್ನಾ ಪಟ್ಟಣದಲ್ಲಿ ಉಣ್ಣೆಗೆ ಬಣ್ಣ ಕಟ್ಟುವ ಯಾಕೊಪೊ ಬೆನಿನ್‌ಕಾಸಾ ಎಂಬವರ ಮನೆಯಲ್ಲಿ 1347ರಲ್ಲಿ ಸಂತ ಕ್ಯಾಥರೀನಮ್ಮನವರು ಜನಿಸಿದರು. ತಾಯಿ ಲಾಪಾ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರು. ಅಂತಹ ಮನೆಯ ಹೆಣ್ಣುಮಕ್ಕಳು ಶಾಲೆಗೆ ಹೋಗುವ ವಾಡಿಕೆ ಅಂದು ಇರಲಿಲ್ಲ. ಕ್ಯಾಥರೀನಮ್ಮನವರೂ ಅಕ್ಷರಜ್ಞಾನವಿಲ್ಲದೆಯೇ ಬೆಳೆದರು.

ಮದುವೆಗೆ ಒಲ್ಲೆನೆಂದು ತಲೆಗೂದಲನ್ನು ಕತ್ತರಿಸಿಕೊಂಡಾಗ ಮನೆಯವರು ಮುನಿದು, ಅವರ ಏಕಾಂತದ ಕೋಣೆಯನ್ನು ಕಸಿದುಕೊಂಡು, ಅಡಿಗೆಮನೆಯ ದುಡಿಮೆಯನ್ನೆಲ್ಲ ಅವರ ಮೇಲೆ ಹೊರಿಸಿದರು. ಆಗ ಅವರು ತಮ್ಮ ಹೃದಯದೊಳಗೇ ಒಂದು ಕೋಣೆಯನ್ನು ಕಟ್ಟಿಕೊಂಡರು. ಅದೇ ಅವರ ಪಾಠಶಾಲೆಯಾಯಿತು. ಮುಂದೆ ತಂದೆಯ ಮನಸ್ಸು ಕರಗಿತು. ಸಂತ ದೊಮಿನಿಕರ ಮೂರನೆಯ ಸಭೆಯನ್ನು ಸೇರಿ, ಮನೆಯಲ್ಲಿಯೇ ಸುಮಾರು ಮೂರು ವರ್ಷ ಮೌನದಲ್ಲಿಯೂ ಪ್ರಾರ್ಥನೆಯಲ್ಲಿಯೂ ಕಳೆದರು.

ಧರ್ಮಸಭೆಯ ನಿತ್ಯಪ್ರಾರ್ಥನೆಯ ಕೀರ್ತನೆಗಳನ್ನು ತಾವೇ ಓದಬೇಕೆಂಬ ಹಂಬಲ ಅವರಿಗಿತ್ತು. ಗೆಳತಿಯೊಬ್ಬಳಿಂದ ಅಕ್ಷರಮಾಲೆಯನ್ನು ಪಡೆದು ವಾರಗಟ್ಟಲೆ ಹೆಣಗಿದರೂ ಫಲ ಸಿಗಲಿಲ್ಲ. ಕೊನೆಗೆ ದೇವರಲ್ಲಿ ಮೊರೆಯಿಡಲು ಓದುವ ಶಕ್ತಿ ಲಭಿಸಿತೆಂದು ಅವರ ಚರಿತ್ರೆಯನ್ನು ಬರೆದ ಪಾಪನಿವೇದನೆಯ ಗುರು, ಕಾಪುವಾದ ರೇಮಂಡರು ತಿಳಿಸುತ್ತಾರೆ. ಹೆಣಗಾಟ ಮೊದಲು, ವರ ಆಮೇಲೆ ಎಂಬುದನ್ನು ನಾವು ಗಮನಿಸಬೇಕು.

ಅವರ ಕಲಿಕೆ ಅಲ್ಲಿಗೆ ನಿಲ್ಲಲಿಲ್ಲ. ದೊಮಿನಿಕರ ಸಭೆಯ ಗುರುಗಳ ಪ್ರಬೋಧನೆಗಳನ್ನು ಕಿವಿಗೊಟ್ಟು ಕೇಳಿದರು. ವಿದ್ವಾಂಸರನ್ನು ಸಂಕೋಚವಿಲ್ಲದೆ ಪ್ರಶ್ನಿಸಿದರು. 1374ರ ಪ್ಲೇಗಿನಲ್ಲಿ ರೋಗಿಗಳ ಶುಶ್ರೂಷೆ ಮಾಡಿ, ಯಾವ ಪುಸ್ತಕದಲ್ಲಿಯೂ ಇಲ್ಲದ ಪಾಠವನ್ನು ಕಲಿತರು. ಅವರನ್ನು ಪರೀಕ್ಷಿಸಲು ಬಂದ ಪಂಡಿತರು ತಾವೇ ತಲೆಬಾಗಿ ಹಿಂದಿರುಗಿದರು. 1376ರಲ್ಲಿ ಅವಿಞೋನಿಗೆ ತೆರಳಿ, ಹನ್ನೊಂದನೆಯ ಗ್ರೆಗರಿ ಜಗದ್ಗುರುಗಳು ರೋಮಿಗೆ ಮರಳಬೇಕೆಂದು ನಿರ್ಭಯದಿಂದ ಬಿನ್ನವಿಸಿದರು. 1377ರ ಜನವರಿಯಲ್ಲಿ ಜಗದ್ಗುರುಗಳು ರೋಮನ್ನು ಸೇರಿದರು. ಅವರು ಹೇಳಿ ಬರೆಯಿಸಿದ ಪತ್ರಗಳಲ್ಲಿ 380ಕ್ಕೂ ಹೆಚ್ಚು ಉಳಿದಿವೆ. 'ಸಂವಾದ' ಎಂಬ ಗ್ರಂಥವೂ ಅವರದೇ. 1380ರ ಏಪ್ರಿಲ್ 29ರಂದು, ಕೇವಲ 33ರ ವಯಸ್ಸಿನಲ್ಲಿ, ರೋಮಿನಲ್ಲಿ ದೈವಾಧೀನರಾದರು. 1461ರಲ್ಲಿ ಸಂತ ಪದವಿ ಲಭಿಸಿತು. 1970ರ ಅಕ್ಟೋಬರ್ 4ರಂದು ಆರನೆಯ ಪೌಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು.

ಗುರುಮಠದಲ್ಲಿ ವರ್ಷಗಟ್ಟಲೆ ಓದಿ ಪರೀಕ್ಷೆಗಳನ್ನು ದಾಟಿದ ನಾವು ಈ ಚರಿತ್ರೆಯ ಮುಂದೆ ನಾಚುತ್ತೇವೆ. ಗುರುದೀಕ್ಷೆಯಾದೊಡನೆ ಕಲಿತದ್ದು ಸಾಕೆಂದು ಬಗೆದು, ಪುಸ್ತಕಗಳ ಮೇಲೆ ಧೂಳು ಕೂರಲು ಬಿಟ್ಟ ವರ್ಷಗಳು ನಮ್ಮ ಬಾಳಿನಲ್ಲಿಯೂ ಇವೆ. ಇದನ್ನು ಮರೆಮಾಚುವುದು ಸರಿಯಲ್ಲ.

ಆದರೆ ಶಾಲೆ ಬೇಡವೆಂದು ಯಾರೂ ಅರ್ಥೈಸಬಾರದು. ಹೆಣ್ಣುಮಗುವಿನ ಓದನ್ನು ನಿಲ್ಲಿಸಲು ಈ ಸಂತಳ ಹೆಸರನ್ನು ನೆಪ ಮಾಡಿದರೆ ಅದು ಅಪಚಾರ. ಬಾಗಿಲು ಮುಚ್ಚಿದ್ದರಿಂದಲೇ ಅವರು ಅಷ್ಟು ಹೆಣಗಬೇಕಾಯಿತು. ಶಾಲೆ ಬಿತ್ತನೆಯಾದರೆ, ಬೇಸಾಯ ಬಾಳಿನುದ್ದಕ್ಕೂ ನಡೆಯಬೇಕು.

ನಮ್ಮ ಧರ್ಮಕೇಂದ್ರದ ಈ ನೂರು ವರ್ಷಗಳಲ್ಲಿ, ಸಹಿ ಹಾಕಲೂ ಬಾರದ ಎಷ್ಟೋ ತಾಯಂದಿರು ದೀಪದ ಬೆಳಕಿನಲ್ಲಿ ಮಕ್ಕಳಿಗೆ ಜಪಸರವನ್ನೂ ಜ್ಞಾನೋಪದೇಶವನ್ನೂ ಬಾಯಿಪಾಠ ಮಾಡಿಸಿದ್ದಾರೆ. ಅವರ ಮೊಮ್ಮಕ್ಕಳಾದ ನಿಮ್ಮ ಕೈಯಲ್ಲಿ ಇಂದು ಪುಸ್ತಕವಿದೆ. ಪರೀಕ್ಷೆಯಲ್ಲಿ ಸೋತೆನೆಂದು ಕುಗ್ಗಿದವರೂ, ಗೆದ್ದೆನೆಂದು ಪುಸ್ತಕ ಮುಚ್ಚಿದವರೂ ಅದನ್ನು ಮತ್ತೆ ತೆರೆಯಲಿ. ಸಂತ ಕ್ಯಾಥರೀನಮ್ಮನವರು ನಮಗಾಗಿ ಪ್ರಾರ್ಥಿಸಲಿ.