ಗುಂಡಿನ ದಾರಿ ಹುಡುಕಿದ ಗಣಿತದ ಮೇಷ್ಟ್ರು: ಬೆಂಜಮಿನ್ ರಾಬಿನ್ಸ್

ಬೆಂಜಮಿನ್ ರಾಬಿನ್ಸ್ 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಬಡ ಕ್ವೇಕರ್ ಕುಟುಂಬದಲ್ಲಿ ಜನಿಸಿದ. ಯುದ್ಧವನ್ನೊಪ್ಪದ ಪಂಥದಲ್ಲಿ ಹುಟ್ಟಿದವನೇ ಕೋವಿಯ ಗುಂಡಿನ ಚಲನೆಯನ್ನು ವಿಜ್ಞಾನವಾಗಿಸಿದ. ಲಂಡನ್ನಿನಲ್ಲಿ ಗಣಿತ ಹೇಳಿಕೊಟ್ಟು ಜೀವನ ಸಾಗಿಸಿದ ಆತ 1727ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ.

ಗುಂಡಿಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ, ಅದರ ದಾರಿ ಬರಿಯ ಪರವಲಯ ಎಂದು ಆಗ ಹಲವರು ನಂಬಿದ್ದರು. ರಾಬಿನ್ಸ್ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತೆಂಬುದರಿಂದ ವೇಗವನ್ನು ಲೆಕ್ಕ ಹಾಕಿದ. ಸೆಕೆಂಡಿಗೆ ಸುಮಾರು 1,700 ಅಡಿ ವೇಗದ ಗುಂಡಿಗೆ ಅದರ ತೂಕದ ನೂರು ಪಟ್ಟಿಗೂ ಮೀರಿದ ತಡೆ ಇರುವುದು ಕಂಡುಬಂತು. 1742ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ.

ನೇರವಾಗಿ ಗುರಿಯಿಟ್ಟರೂ ಗುಂಡು ಪಕ್ಕಕ್ಕೆ ಸರಿಯುವುದೇಕೆ? ನಳಿಗೆಯ ಗೋಡೆಗೆ ಉಜ್ಜಿ ಗುಂಡು ತಿರುಗುತ್ತದೆ, ತಿರುಗುವ ಗುಂಡನ್ನು ಗಾಳಿ ಒಂದು ಪಕ್ಕಕ್ಕೆ ತಳ್ಳುತ್ತದೆ ಎಂದನು ರಾಬಿನ್ಸ್. 1745ರಲ್ಲಿ ಆ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ ಮಹಾಗಣಿತಜ್ಞ ಆಯ್ಲರ್ ಇದನ್ನೊಪ್ಪದೆ, ಗುಂಡು ಸರಿಯಾಗಿ ದುಂಡಗಿಲ್ಲದಿರುವುದೇ ಕಾರಣವೆಂದ. ರಾಬಿನ್ಸ್ ಪ್ರಯೋಗವನ್ನೇ ನಂಬಿದ. ಕೋವಿಯ ನಳಿಗೆಯ ತುದಿಯನ್ನು ಎಡಕ್ಕೆ ತುಸು ಬಾಗಿಸಿ, ಸಾಲಾಗಿ ಕಾಗದದ ಪರದೆಗಳನ್ನು ನಿಲ್ಲಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಗಿ, ಬಳಿಕ ಬಲಕ್ಕೆ ಬಾಗಿತು. ಬಾಗಿದ ಕಡೆ ನಳಿಗೆಯ ಬಲಗೋಡೆಗೆ ಒತ್ತಿಕೊಂಡು ಉರುಳಿದ್ದರಿಂದ ಬಂದ ತಿರುಗಾಟದ ಫಲ ಅದು.

ಹಾಗಾದರೆ ಪರಿಹಾರ? ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ತಾನು ಸಾಗುವ ದಿಕ್ಕನ್ನೇ ಅಕ್ಷ ಮಾಡಿಕೊಂಡು ತಿರುಗುತ್ತದೆ. ಆಗ ಪಕ್ಕದ ತಳ್ಳಾಟಕ್ಕೆ ಎಡೆಯಿಲ್ಲ. ಗೀರು ನಳಿಗೆ ಅದಕ್ಕೆ ಮೊದಲೇ ಇತ್ತು. ಅದು ಗುರಿ ತಪ್ಪದಿರಲು ಕಾರಣವನ್ನು 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದವನು ರಾಬಿನ್ಸ್.

ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ಆತ ಮದರಾಸಿಗೆ ಬಂದ. 1751ರ ಜುಲೈನಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡಾಗ ವಯಸ್ಸು 44. ನೂರು ವರ್ಷದ ನಂತರ ಮ್ಯಾಗ್ನಸ್ ಇದೇ ಪರಿಣಾಮವನ್ನು ಪರೀಕ್ಷಿಸಿದ, ಹೆಸರು ಅವನದಾಯಿತು.

ಪಾಠದಲ್ಲಿ ಕೋವಿ ಬೇಕಿಲ್ಲ. ರಾಬಿನ್ಸನೇ ಮಾಡಿದಂತೆ ಹಗುರ ಚೆಂಡನ್ನು ಜೋಡಿ ದಾರಕ್ಕೆ ಕಟ್ಟಿ, ದಾರವನ್ನು ಚೆನ್ನಾಗಿ ಹುರಿಮಾಡಿ ತೂಗಿಬಿಡಿ. ತಿರುಗುತ್ತ ತೂಗುವ ಚೆಂಡು ಪಕ್ಕಕ್ಕೆ ಸರಿಯುವುದನ್ನು ಮಕ್ಕಳೇ ನೋಡಲಿ. ಕಾರಣವನ್ನು ನಾವು ಹೇಳುವ ಮೊದಲು ಅವರು ಊಹಿಸಲಿ.