ಮರಿಯಾ ಮಾಂಟೆಸರಿ: ಮೊದಲ ಶಾಲೆಯ ಮಕ್ಕಳು

ಮಾಂಟೆಸರಿ ಎಂಬುದು ಒಬ್ಬ ವ್ಯಕ್ತಿಯ ಹೆಸರೆಂಬುದೇ ಮರೆತುಹೋಗುವಷ್ಟರ ಮಟ್ಟಿಗೆ ಆ ಮಾತು ಕನ್ನಡದ ಪೇಟೆಗಳಲ್ಲಿ ಬಳಕೆಗೆ ಬಂದಿದೆ. ಮಗುವನ್ನು ಮಾಂಟೆಸರಿಗೆ ಸೇರಿಸಿದೆವು ಎನ್ನುವ ತಂದೆತಾಯಿಯರ ಮನಸ್ಸಿನಲ್ಲಿರುವುದು ಬಣ್ಣದ ಗೋಡೆಗಳ, ಶುಲ್ಕ ತುಸು ಹೆಚ್ಚೇ ಇರುವ ಒಂದು ಶಿಶುವಿಹಾರ. ಆ ಹೆಸರಿನ ಶಿಕ್ಷಣಕ್ರಮದ ಬೇರುಗಳು ಮಾತ್ರ ಇರುವುದು ರೋಮ್ ನಗರದ ಹುಚ್ಚಾಸ್ಪತ್ರೆಗಳಲ್ಲಿ, ಯಾವ ಶಾಲೆಯೂ ಸೇರಿಸಿಕೊಳ್ಳದೆ ಕೈಬಿಟ್ಟ ಮಕ್ಕಳ ನಡುವೆ.

ಮರಿಯಾ ಮಾಂಟೆಸರಿಯವರು 1870ರ ಆಗಸ್ಟ್ 31ರಂದು ಇಟಲಿಯ ಆಂಕೋನಾ ನಗರದ ಸಮೀಪದ ಕ್ಯಾರವಾಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂಡ್ರೊ ಸರಕಾರದ ತಂಬಾಕು ಉದ್ಯಮಕ್ಕೆ ಸಂಬಂಧಿಸಿದ ಅಧಿಕಾರಿ. ತಾಯಿ ರೆನಿಲ್ಡೆ ಓದಿನಲ್ಲಿ ಆಸಕ್ತಿಯಿದ್ದ ಹೆಣ್ಣುಮಗಳು. ಮರಿಯಾ ಐದು ವರ್ಷದವರಿದ್ದಾಗ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು. ಹುಡುಗಿಯರು ಓದಿದರೆ ಶಿಕ್ಷಕಿಯರಾಗಲು ಓದಬೇಕು ಎಂಬ ಕಾಲದಲ್ಲಿ ಆಕೆ ತಾಂತ್ರಿಕ ಶಾಲೆಗೆ ಸೇರಿದರು, ಆಮೇಲೆ ವೈದ್ಯಕೀಯದತ್ತ ತಿರುಗಿದರು. ತಂದೆಗೆ ಅದು ಇಷ್ಟವಿರಲಿಲ್ಲ. ತಾಯಿ ಬೆನ್ನಿಗೆ ನಿಂತರು. ಗಂಡು ವಿದ್ಯಾರ್ಥಿಗಳ ಜೊತೆಯಲ್ಲಿ ಹೆಣ್ಣೊಬ್ಬಳು ಶವಚ್ಛೇದನ ಮಾಡುವುದು ಸಭ್ಯವಲ್ಲವೆಂದು ಎಣಿಸಿದ್ದರಿಂದ, ಎಲ್ಲರೂ ಹೋದ ಮೇಲೆ ಆಕೆ ಒಬ್ಬರೇ ಆ ಕೋಣೆಯಲ್ಲಿ ನಿಂತು ಕಲಿಯಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದರು. ಇಟಲಿಯ ಮೊತ್ತಮೊದಲ ವೈದ್ಯೆ ಎಂದು ಅವರನ್ನು ಕುರಿತು ಹಲವೆಡೆ ಬರೆಯುವುದುಂಟು. ಅದು ಸರಿಯಲ್ಲ; ಮೊದಲಿಗರಲ್ಲಿ ಒಬ್ಬರು ಎಂದರೆ ಸಾಕು.

ಮರುವರ್ಷ ಅವರು ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸ್ವಯಂಸೇವಕ ವೈದ್ಯೆಯಾಗಿ ಸೇರಿದರು. ಚಿಕಿತ್ಸೆಗೆ ತಕ್ಕ ರೋಗಿಗಳನ್ನು ಆರಿಸಲು ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗುವುದು ಆ ಕೆಲಸದ ಒಂದು ಭಾಗ. ಅಲ್ಲಿ ದೊಡ್ಡವರ ನಡುವೆಯೇ ಮಕ್ಕಳೂ ಇದ್ದರು. ಮಾತು ಬಾರದವರು, ಮೂರ್ಛೆರೋಗದವರು, ಕರೆದರೆ ತಿರುಗಿ ನೋಡದವರು, ಕುಳಿತಲ್ಲಿಯೇ ತೂಗಾಡುವವರು, ಓದು ಬರಹ ಹತ್ತದವರು ಎಲ್ಲರಿಗೂ ಸೇರಿ ಆ ಕಾಲದ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಮಂದಬುದ್ಧಿ ಎಂಬರ್ಥದ ಎರಡು ಮೂರು ಪದಗಳು ಮಾತ್ರ. ಆಟಿಸಂ ಎಂಬ ಹೆಸರಿನಲ್ಲಿ ಮಕ್ಕಳ ಒಂದು ಸ್ವಭಾವವನ್ನು ಗುರುತಿಸುವುದಕ್ಕೆ ಇನ್ನೂ ಹಲವು ದಶಕಗಳು ಬೇಕಿದ್ದವು. ಅಂಥ ಮಗು ಹುಟ್ಟಿದ ಬಡಮನೆಗೆ ಹೆಚ್ಚಿನ ದಾರಿಗಳಿರಲಿಲ್ಲ. ಶಾಲೆ ಬೇಡವೆನ್ನುತ್ತಿತ್ತು, ನೆರೆಹೊರೆ ಕನಿಕರದಿಂದಲೋ ಭಯದಿಂದಲೋ ದೂರ ಸರಿಯುತ್ತಿತ್ತು. ಕೊನೆಗೆ ತೆರೆದಿರುತ್ತಿದ್ದುದು ಹುಚ್ಚಾಸ್ಪತ್ರೆಯ ಬಾಗಿಲು.

ಮಾಂಟೆಸರಿಯವರ ಜೀವನವನ್ನು ಬರೆದವರೆಲ್ಲ ಹೇಳುವ ಒಂದು ಪ್ರಸಂಗವಿದೆ. ಬರಿಯ ಗೋಡೆಗಳ ಒಂದು ಕೋಣೆಯಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ತೋರಿಸುತ್ತ ಅಲ್ಲಿನ ಮೇಲ್ವಿಚಾರಕಿ ಅಸಹ್ಯಪಟ್ಟುಕೊಂಡಳಂತೆ. ಊಟವಾದ ಮೇಲೂ ಇವು ನೆಲಕ್ಕೆ ಬಿದ್ದು ರೊಟ್ಟಿಯ ಚೂರುಗಳಿಗೆ ಮುಗಿಬೀಳುತ್ತವೆ ಎಂಬುದು ಅವಳ ದೂರು. ಮಾಂಟೆಸರಿಯವರು ಕೋಣೆಯನ್ನು ಸುತ್ತ ನೋಡಿದರು. ಕೈಗೆತ್ತಿಕೊಳ್ಳಲು ಅಲ್ಲಿ ಒಂದೇ ಒಂದು ವಸ್ತುವೂ ಇರಲಿಲ್ಲ. ಆ ಚೂರುಗಳನ್ನು ಮಕ್ಕಳು ಬೆರಳುಗಳಲ್ಲಿ ಹಿಸುಕಿ, ಉಂಡೆ ಕಟ್ಟಿ, ಮುಟ್ಟಿ ನೋಡುತ್ತಿದ್ದರು. ಮೇಲ್ವಿಚಾರಕಿಗೆ ಹೊಟ್ಟೆಬಾಕತನವಾಗಿ ಕಂಡದ್ದರಲ್ಲಿ ವೈದ್ಯೆಗೆ ಕಂಡದ್ದು ಕೈಯ ಹಸಿವು, ಏನಾದರೊಂದನ್ನು ಅರಿಯಬೇಕೆಂಬ ಹಸಿವು.

ಈ ಮಕ್ಕಳನ್ನು ಕುರಿತು ಹಿಂದೆ ಯಾರಾದರೂ ಯೋಚಿಸಿದ್ದಾರೆಯೇ ಎಂದು ಹುಡುಕಹೊರಟ ಅವರಿಗೆ ಸಿಕ್ಕವರು ಇಬ್ಬರು ಫ್ರೆಂಚ್ ವೈದ್ಯರು. ಮೊದಲನೆಯವರು ಝಾಂ ಇತಾರ್. ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಿನಿಂದ 1800ರಲ್ಲಿ ಹೊರಬಂದ, ಮಾತಿಲ್ಲದ ಬಾಲಕ ವಿಕ್ಟರನಿಗೆ ಅವರು ಪ್ಯಾರಿಸ್ಸಿನ ಕಿವುಡ ಮೂಗರ ಸಂಸ್ಥೆಯಲ್ಲಿ ಸುಮಾರು ಐದು ವರ್ಷ ಪಾಠ ಹೇಳಿದರು. ಬಾಲಕ ಕೆಲವು ಅಕ್ಷರ, ಕೆಲವು ಶಬ್ದಗಳನ್ನು ಗುರುತಿಸಿದನೇ ಹೊರತು ಮಾತನಾಡಲಿಲ್ಲ. ಇತಾರ್ ನಿರಾಶರಾಗಿ ಪ್ರಯೋಗವನ್ನು ನಿಲ್ಲಿಸಿದರು. ಆದರೆ ಅವನನ್ನು ನೋಡಿಕೊಳ್ಳುತ್ತಿದ್ದ ಮದಾಂ ಗೆರಾಂ ಎಂಬ ಹೆಂಗಸು ಅವನನ್ನು ಬಿಡಲಿಲ್ಲ. 1828ರಲ್ಲಿ ತೀರಿಕೊಳ್ಳುವವರೆಗೆ ವಿಕ್ಟರ್ ಆಕೆಯ ಆಶ್ರಯದಲ್ಲಿಯೇ ಇದ್ದ. ಇತಾರರ ವರದಿಗಳು ಶಿಕ್ಷಣಶಾಸ್ತ್ರದ ಇತಿಹಾಸದಲ್ಲಿ ಸೇರಿದವು. ಮದಾಂ ಗೆರಾಂ ಆ ವರದಿಗಳ ಅಂಚಿನಲ್ಲಿ ಉಳಿದರು. ಮಾತು ಬಾರದಿದ್ದರೂ ಸರಿ, ಈ ಹುಡುಗ ಮನೆಯವನು ಎಂದು ಒಪ್ಪಿಕೊಂಡವರು ಆಕೆ.

ಎರಡನೆಯವರು ಇತಾರರ ಶಿಷ್ಯ ಎಡ್ವಾರ್ ಸೆಗ್ಯಾಂ. ಕೈ, ಕಣ್ಣು, ಚರ್ಮಗಳ ಮೂಲಕ ಬುದ್ಧಿಯನ್ನು ತಟ್ಟುವ ಕ್ರಮವೊಂದನ್ನು ಅವರು ರೂಪಿಸಿ, 1846ರಲ್ಲಿ ಆರುನೂರಕ್ಕೂ ಹೆಚ್ಚು ಪುಟಗಳ ಗ್ರಂಥವಾಗಿ ಪ್ರಕಟಿಸಿದ್ದರು. ಮಾಂಟೆಸರಿಯವರು ಇತಾರ್ ಮತ್ತು ಸೆಗ್ಯಾಂ ಇಬ್ಬರ ಬರಹಗಳನ್ನೂ ಇಟಾಲಿಯನ್ ಭಾಷೆಗೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿಯೇ ಬರೆದುಕೊಂಡರು. ಹಳೆಯ ಕಾಲದ ಲಿಪಿಕಾರರು ಓಲೆಯ ಮೇಲೆ ಪ್ರತಿ ಮಾಡಿದಂತೆ, ಒಂದೊಂದು ಪದದ ತೂಕವೂ ತಿಳಿಯಲಿ ಎಂದು. ಪ್ಯಾರಿಸ್ಸಿನ ಬಿಸೇತ್ರ ಆಸ್ಪತ್ರೆಗೂ ಹೋಗಿಬಂದರು. ಅಲ್ಲಿ ಸೆಗ್ಯಾಂ ಮಾಡಿಸಿದ್ದಂಥ ಉಪಕರಣಗಳಿದ್ದವು, ಗ್ರಂಥವೂ ಇತ್ತು. ಪಾಠ ಮಾತ್ರ ಯಾಂತ್ರಿಕವಾಗಿತ್ತು. ಸಾಮಾನು ಉಳಿದು ಸತ್ತ್ವ ಹೋಗಿರುವುದನ್ನು ಅವರು ತಮ್ಮ ಗ್ರಂಥದಲ್ಲಿ ವಿಷಾದದಿಂದ ಗುರುತಿಸಿದ್ದಾರೆ. ಅವರ ಸ್ವಂತ ಹೆಸರಿನ ಎಷ್ಟೋ ಶಾಲೆಗಳಿಗೆ ಇಂದು ಈ ಮಾತು ಸಲ್ಲುತ್ತದೆ.

1898ರ ಸೆಪ್ಟೆಂಬರಿನಲ್ಲಿ ಟ್ಯೂರಿನ್ ನಗರದಲ್ಲಿ ಶಿಕ್ಷಕರ ದೊಡ್ಡ ಸಮ್ಮೇಳನ ನಡೆಯಿತು. ಮಾಂಟೆಸರಿಯವರಿಗೆ ಆಗ ಇಪ್ಪತ್ತೆಂಟು ವರ್ಷ. ಈ ಮಕ್ಕಳ ಪ್ರಶ್ನೆ ಔಷಧದ್ದಕ್ಕಿಂತ ಹೆಚ್ಚಾಗಿ ಶಿಕ್ಷಣದ್ದು ಎಂದು ಆಕೆ ಆ ಸಭೆಯಲ್ಲಿ ವಾದಿಸಿದರು. ಇಂದು ಇದು ಸಹಜವಾಗಿ ಕೇಳಿಸುತ್ತದೆ. ಅಂದು ಅದರ ಅರ್ಥ, ಇವರನ್ನು ಆಸ್ಪತ್ರೆಯಿಂದ ಶಾಲೆಗೆ ಕರೆತರಬೇಕು, ಕಲಿಸಲಾಗದಿದ್ದರೆ ತಪ್ಪು ಕಲಿಸುವವರಲ್ಲಿ ಹುಡುಕಬೇಕು ಎಂದು. ಮಾತು ಫಲಿಸಿತು. ಇಂಥ ಮಕ್ಕಳಿಗಾಗಿ ರಾಷ್ಟ್ರೀಯ ಸಂಘವೊಂದು ಹುಟ್ಟಿ, 1900ರಲ್ಲಿ ರೋಮ್ ನಗರದಲ್ಲಿ ಶಿಕ್ಷಕರ ತರಬೇತಿಗೆಂದೇ ಒಂದು ಶಾಲೆ ತೆರೆಯಿತು. ಮಾಂಟೆಸರಿ ಮತ್ತು ಅವರ ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮೊಂಟೆಸಾನೊ ಜೊತೆಯಾಗಿ ಅದರ ನಿರ್ದೇಶಕರಾದರು. ನಗರದ ಪ್ರಾಥಮಿಕ ಶಾಲೆಗಳು ಪ್ರಯೋಜನವಿಲ್ಲವೆಂದು ಕೈಬಿಟ್ಟ ಮಕ್ಕಳೂ ಹುಚ್ಚಾಸ್ಪತ್ರೆಗಳ ಮಕ್ಕಳೂ ಅವರ ಬಳಿಗೆ ಬಂದರು. ಬೆಳಗಿನ ಎಂಟರಿಂದ ಸಂಜೆ ಏಳರವರೆಗೆ ವೈದ್ಯೆಯೇ ನಿಂತು ಪಾಠ ಹೇಳಿದರು. ರಾತ್ರಿ ಕುಳಿತು ಆ ದಿನ ಕಂಡದ್ದನ್ನು ಬರೆದಿಟ್ಟರು.

ಆ ಮಕ್ಕಳಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯಿದ್ದಳು. ಕೈಗಳಲ್ಲಿ ಬಲಕ್ಕೆ ಕೊರತೆಯಿರಲಿಲ್ಲ, ಆದರೆ ಎಷ್ಟು ತೋರಿಸಿಕೊಟ್ಟರೂ ಹೊಲಿಗೆ ಹತ್ತಲೊಲ್ಲದು. ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಸೂಜಿ ಹಾಯಿಸುವ ಮೊದಲ ಪಾಠವೇ ಅವಳಿಗೆ ದಾಟಲಾಗದ ಗೋಡೆಯಾಗಿತ್ತು. ಮಾಂಟೆಸರಿಯವರು ಸೂಜಿಯನ್ನು ಬದಿಗಿಟ್ಟು, ಕಾಗದದ ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವ ಆಟವನ್ನು ಅವಳ ಮುಂದಿಟ್ಟರು. ಹುಡುಗಿ ಅದರಲ್ಲಿ ಮುಳುಗಿಹೋದಳು. ಕೆಲವು ಕಾಲದ ಮೇಲೆ ಮತ್ತೆ ಸೂಜಿ ಕೊಟ್ಟಾಗ ಅವಳ ಕೈ ತಾನಾಗಿ ದಾರಿ ಹಿಡಿಯಿತು. ಗದರದೆ, ಅದೇ ಪಾಠವನ್ನು ನೂರು ಸಲ ಒಪ್ಪಿಸದೆ, ಆ ಚಲನೆಯನ್ನು ಅವಳಿಗೆ ಹಿತವಾದ ಬೇರೊಂದು ದಾರಿಯಿಂದ ಕೈಗೆ ತಂದುಕೊಟ್ಟದ್ದರ ಫಲವದು. ಬರಹಕ್ಕೂ ಇದೇ ತತ್ತ್ವ ಅನ್ವಯಿಸೀತೆಂದು ಅವರಿಗೆ ತೋರಿತು. ಮರದಲ್ಲಿ ಅಕ್ಷರಗಳನ್ನು ಕೊರೆಯಿಸಿ, ಸ್ವರಗಳಿಗೆ ಕೆಂಪು, ವ್ಯಂಜನಗಳಿಗೆ ನೀಲಿ ಬಣ್ಣ ಹಚ್ಚಿಸಿದರು. ಮಕ್ಕಳು ಬರೆಯುವ ರೀತಿಯಲ್ಲಿಯೇ ಬೆರಳಾಡಿಸಿ ಅಕ್ಷರದ ಆಕಾರವನ್ನು ಮೊದಲು ಕೈಯಿಂದ ಕಲಿತರು. ಲೇಖನಿ ಆಮೇಲೆ ಬಂತು. ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿಸಿ ಅಕ್ಷರಾಭ್ಯಾಸ ಮಾಡಿಸುವ, ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದ ಪರಂಪರೆಯವರಿಗೆ ಈ ಉಪಾಯ ಅಪರಿಚಿತವೆನಿಸದು. ಹೊಲಿಗೆ ಬಾರದ ಆ ಹುಡುಗಿಯ ಕೈಯನ್ನು ಗಮನಿಸಿದ್ದರಿಂದ ಅದು ಯುರೋಪಿನ ಶಾಲೆಗೆ ಬಂತು.

ಈ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಜೊತೆಗೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಜನ ಇದನ್ನು ಪವಾಡವೆಂದರು. ಮಾಂಟೆಸರಿಯವರ ಚಿಂತೆ ಬೇರೆಯಾಗಿತ್ತು. ಇವರು ಅವರ ಸಮಕ್ಕೆ ನಿಲ್ಲಬಲ್ಲರೆಂದರೆ ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಎಷ್ಟು ಕುಗ್ಗಿಸಿಟ್ಟಿರಬೇಕು ಎಂದು ಅವರು ಬೆರಗಾದರು. ಪ್ರಶ್ನೆ ದೊಡ್ಡದು, ಸರಿಯಾದದ್ದೂ ಹೌದು. ಆದರೆ ಆ ಪ್ರಶ್ನೆಯೊಡನೆ ಅವರ ದೃಷ್ಟಿ ಮೊದಲ ಮಕ್ಕಳಿಂದ ಸರಿಯತೊಡಗಿತು ಎಂಬುದನ್ನೂ ಹೇಳಬೇಕು. ಆ ಮಕ್ಕಳು ಮೆಚ್ಚುಗೆ ಗಳಿಸಿದ್ದು ಉಳಿದವರಂತೆಯೇ ಪರೀಕ್ಷೆ ಬರೆದು ತೋರಿಸಿದ ಮೇಲೆ. ಪರೀಕ್ಷೆಯವರೆಗೆ ಬರಲಾರದವರು ಎಷ್ಟು ಮಂದಿಯಿದ್ದರೋ, ಅವರ ಮಾತು ಮೆಚ್ಚುಗೆಯ ಸದ್ದಿನಲ್ಲಿ ಕೇಳಿಸಲಿಲ್ಲ.

1901ರಲ್ಲಿ ಅವರು ಆ ಶಾಲೆಯನ್ನು ಬಿಟ್ಟರು. ಕಾರಣದಲ್ಲಿ ಒಂದು ಗಾಯವಿತ್ತು. ಮೊಂಟೆಸಾನೊ ಮತ್ತು ಮಾಂಟೆಸರಿ ಪ್ರೀತಿಸಿದ್ದರು; 1898ರ ಮಾರ್ಚ್ 31ರಂದು ಅವರಿಗೆ ಮಾರಿಯೊ ಎಂಬ ಗಂಡುಮಗು ಹುಟ್ಟಿತ್ತು. ಮದುವೆಯಾಗಲಿಲ್ಲ. ಮದುವೆಯಿಲ್ಲದ ತಾಯ್ತನ ಬಯಲಾಗಿದ್ದರೆ ವೈದ್ಯೆಯ ವೃತ್ತಿಜೀವನ ಅಂದಿಗೇ ಮುಗಿಯುತ್ತಿತ್ತು. ಮಗುವನ್ನು ಗುಟ್ಟಾಗಿ ಹಳ್ಳಿಯೊಂದರ ಸಾಕುಮನೆಗೆ ಕಳುಹಿಸಲಾಯಿತು. ಟ್ಯೂರಿನ್ ಸಭೆಯಲ್ಲಿ ಕೈಬಿಟ್ಟ ಮಕ್ಕಳ ಪರವಾಗಿ ನಿಂತು ಮಾತನಾಡಿದಾಗ ಆಕೆಯ ಸ್ವಂತ ಮಗು ಆರು ತಿಂಗಳದ್ದು, ಪರರ ಮನೆಯಲ್ಲಿ ಬೆಳೆಯುತ್ತಿತ್ತು. ಇದನ್ನು ಕಪಟವೆಂದು ಕರೆಯುವುದು ಸುಲಭ. ಸಮಾಜ ಒಪ್ಪದ ಮಗುವನ್ನು ಹೆತ್ತ ತಾಯಿಯ ಸಂಕಟವೇನೆಂಬುದು ಆಕೆಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ ಎಂದೂ ನೋಡಬಹುದು. 1901ರಲ್ಲಿ ಮೊಂಟೆಸಾನೊ ಬೇರೊಬ್ಬರನ್ನು ಮದುವೆಯಾದರು. ದಿನವೂ ಅವರ ಎದುರಿನಲ್ಲಿ ಕೆಲಸ ಮಾಡುವುದು ಮಾಂಟೆಸರಿಯವರಿಗೆ ಸಾಧ್ಯವಾಗಲಿಲ್ಲ. ಕೈಬಿಟ್ಟ ಮಕ್ಕಳ ಕೆಲಸವನ್ನು ಮುಂದುವರಿಸಿದವರು ಮೊಂಟೆಸಾನೊ; ಜಗತ್ತು ಅವರ ಹೆಸರನ್ನು ನೆನಪಿಟ್ಟುಕೊಳ್ಳಲಿಲ್ಲ.

ಮುಂದಿನ ಕಥೆ ಸುಪ್ರಸಿದ್ಧ. 1907ರ ಜನವರಿ 6ರಂದು ರೋಮ್ ನಗರದ ಬಡವರ ಕೇರಿಯಾದ ಸಾನ್ ಲೊರೆಂಝೊದಲ್ಲಿ ಮಕ್ಕಳ ಮನೆ ತೆರೆಯಿತು. 1909ರಲ್ಲಿ ಅದರ ಕ್ರಮವನ್ನು ವಿವರಿಸುವ ಗ್ರಂಥ ಬಂತು. ಕೆಲವೇ ವರ್ಷಗಳಲ್ಲಿ ಹಲವು ಭಾಷೆಗಳಿಗೆ ಹೋಯಿತು. ಮಕ್ಕಳ ಮನೆಯ ಉಪಕರಣಗಳಲ್ಲಿ ಹಲವು ಆ ಹಳೆಯ ಶಾಲೆಯಲ್ಲಿ ಬಳಸಿ ನೋಡಿದವು. ಗ್ರಂಥದಲ್ಲಿ ಅವರು ಆ ಋಣವನ್ನು ಮುಚ್ಚಿಟ್ಟಿಲ್ಲ. ಇತಾರ್, ಸೆಗ್ಯಾಂ, ಹುಚ್ಚಾಸ್ಪತ್ರೆಯ ಮಕ್ಕಳು ಎಲ್ಲರ ಪ್ರಸ್ತಾಪವೂ ಅಲ್ಲಿದೆ. ಅದೇ ಪುಟಗಳಲ್ಲಿ ಆ ಮಕ್ಕಳನ್ನು ಕುರಿತು ಇಂದು ಯಾರೂ ಬಾಯಲ್ಲಿ ಆಡಬಾರದ ಪದಗಳೂ ಇವೆ, ತಲೆಯ ಸುತ್ತಳತೆ ಅಳೆದು ಬುದ್ಧಿಯನ್ನು ಊಹಿಸುವ ಆ ಕಾಲದ ವಿಜ್ಞಾನದ ನೆರಳೂ ಇದೆ. ಮುಸ್ಸೊಲಿನಿಯ ಸರಕಾರದ ಆಶ್ರಯವನ್ನು ಕೆಲವು ವರ್ಷ ಒಪ್ಪಿಕೊಂಡದ್ದೂ, 1934ರಲ್ಲಿ ಆ ಸಂಬಂಧ ಮುರಿದು ಇಟಲಿಯನ್ನು ಬಿಟ್ಟದ್ದೂ ಅವರ ಜೀವನದ ಸರಳವಲ್ಲದ ಅಧ್ಯಾಯ.

ತಾಯಿ ರೆನಿಲ್ಡೆ 1912ರಲ್ಲಿ ತೀರಿಕೊಂಡ ಮೇಲೆ, ಹದಿಹರೆಯದ ಮಾರಿಯೊ ತಾಯಿಯ ಬಳಿಗೆ ಬಂದ. ಅಂದಿನಿಂದ ಕೊನೆಯವರೆಗೆ ಅವನೇ ಅವರ ಕಾರ್ಯದರ್ಶಿ, ದುಭಾಷಿ, ಜೊತೆಗಾರ. ಹೊರಗಿನವರಿಗೆ ಮಾತ್ರ ಅಣ್ಣತಮ್ಮಂದಿರ ಮಗನೆಂದೋ ದತ್ತುಪುತ್ರನೆಂದೋ ಪರಿಚಯ.

1939ರ ನವೆಂಬರಿನಲ್ಲಿ ತಾಯಿ ಮಗ ಇಬ್ಬರೂ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ತಾಳೆಗರಿಯ ಚಪ್ಪರಗಳ ಕೆಳಗೆ ಮುನ್ನೂರಕ್ಕೂ ಹೆಚ್ಚು ಶಿಕ್ಷಕರು ಅವರ ಪಾಠ ಕೇಳಿದರು. ಮರಿಯಾ ಇಟಾಲಿಯನ್ನಿನಲ್ಲಿ ಹೇಳುತ್ತಿದ್ದರು, ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದ. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಾರಿಯೊನನ್ನು ಅಹಮದನಗರದ ಬಂಧನ ಶಿಬಿರಕ್ಕೆ ಒಯ್ದರು, ತಾಯಿಯನ್ನು ಅಡ್ಯಾರಿನ ಆವರಣ ಬಿಟ್ಟು ಹೋಗದಂತೆ ನಿರ್ಬಂಧಿಸಿದರು. ಆಗಸ್ಟ್ 31ರಂದು, ಆಕೆಗೆ ಎಪ್ಪತ್ತು ತುಂಬಿದ ದಿನ, ವೈಸರಾಯರಿಂದ ತಂತಿ ಬಂತು. ಹುಟ್ಟುಹಬ್ಬದ ಕಾಣಿಕೆಯಾಗಿ ಅವರ ಮಗನನ್ನು ಬಿಡುಗಡೆ ಮಾಡುತ್ತಿರುವುದಾಗಿ ಅದರಲ್ಲಿತ್ತು. ಎರಡು ನಾಲ್ಕು ತಿಂಗಳ ಸೆರೆಯಲ್ಲ, ನಾಲ್ವತ್ತೆರಡು ವರ್ಷ ತಾಯಿ ಬಹಿರಂಗವಾಗಿ ಆಡದೆ ನುಂಗಿಕೊಂಡಿದ್ದ ಮಗ ಎಂಬ ಶಬ್ದವನ್ನು ಸರಕಾರದ ತಂತಿಯೊಂದು ಎಲ್ಲರೆದುರು ಆಡಿಬಿಟ್ಟಿತ್ತು.

1942ರಿಂದ ಎರಡು ವರ್ಷ ಅವರು ಕೊಡೈಕನಾಲಿನ ತಂಪಿನಲ್ಲಿ ಮಕ್ಕಳ ನಡುವೆ ಕಳೆದರು. ಅವರು ಅಲ್ಲಿದ್ದಾಗಲೇ, 1943ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ಸ್ವಭಾವವನ್ನು ವಿವರಿಸಿ, ಆಟಿಸಂ ಎಂಬ ಹೆಸರನ್ನು ಬಳಕೆಗೆ ತಂದರು. ರೋಮ್ ನಗರದ ಆ ಬರಿಯ ಕೋಣೆಯಲ್ಲಿದ್ದ ಮಕ್ಕಳಲ್ಲಿ ಯಾರು ಯಾರಿಗೆ ಆ ಹೆಸರು ಸಲ್ಲುತ್ತಿತ್ತೆಂದು ಹೇಳಲು ಆ ಹೊತ್ತಿಗೆ ಯಾವ ಸಾಧನವೂ ಉಳಿದಿರಲಿಲ್ಲ.

ಯುದ್ಧ ಮುಗಿದ ಮೇಲೆ 1946ರಲ್ಲಿ ಯುರೋಪಿಗೆ ಹೋಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು, 1949ರಲ್ಲಿ ಕೊನೆಯದಾಗಿ ಹಿಂದಿರುಗಿದರು. 1952ರ ಮೇ 6ರಂದು, ನೆದರ್ಲೆಂಡ್ಸಿನ ಕಡಲ ತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ, ಮಾರಿಯೊ ಜೊತೆಯಲ್ಲಿರುವಾಗ ಅವರು ತೀರಿಕೊಂಡರು. ಅವರನ್ನು ಅಲ್ಲಿಯೇ ಮಣ್ಣು ಮಾಡಿದರು. ಅವರು ಬರೆದಿಟ್ಟಿದ್ದ ಉಯಿಲಿನಲ್ಲಿ ಮಾರಿಯೊನ ಹೆಸರಿನ ಜೊತೆಗೆ ಇದ್ದದ್ದು ನನ್ನ ಮಗ ಎಂಬ ಮಾತು.